ಕರಾರಿನ ಅರ್ಥದ ಬಗ್ಗೆ ತಕರಾರು ಬಂದಾಗ: ದಾವೆಯ ಗಡುವು ಕೈತಪ್ಪದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕರಾರಿನ ಒಂದೇ ಸಾಲಿಗೆ ನೀವು ಒಂದು ಅರ್ಥ ಹೇಳುತ್ತೀರಿ, ಎದುರಿನವರು ಇನ್ನೊಂದು ಹೇಳುತ್ತಾರೆ. ಪತ್ರ, ಫೋನು, ಮೀಟಿಂಗು, ನಾಲ್ಕು ಜನರ ಮುಂದೆ ಮಾತುಕತೆ, ಎಲ್ಲ ನಡೆಯುತ್ತದೆ. ಅಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. ಕೊನೆಗೆ ಲಾಯರ್ ಹತ್ತಿರ ಹೋದರೆ, ಯಾರ ಅರ್ಥ ಸರಿ ಅಂತ ನೋಡುವ ಮುಂಚೆ ಅವರು ತಾರೀಖು ಕೇಳುತ್ತಾರೆ. ಹಣ ಯಾವತ್ತು ಕೊಡಬೇಕಿತ್ತು? ಕರಾರು ಯಾವತ್ತು ಮುರಿಯಿತು?

ಅರ್ಥದ ಜಗಳ ಮತ್ತು ದಾವೆಯ ಗಡುವು ಎರಡು ಬೇರೆ ಬೇರೆ ವಿಷಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಷರತ್ತಿನ ಅರ್ಥ ಬದಲಾದರೆ ಹಣ ಕೊಡಬೇಕಿದ್ದ ದಿನ ಬದಲಾಗುತ್ತದೆ. ಆ ದಿನ ಬದಲಾದರೆ ದಾವೆ ಹಾಕಲು ಇರುವ ಕೊನೇ ದಿನವೂ ಬದಲಾಗುತ್ತದೆ. ನಿಮ್ಮ ಅರ್ಥದ ಪ್ರಕಾರ ಇನ್ನೂ ಒಂದು ವರ್ಷ ಟೈಮ್ ಇರಬಹುದು, ಎದುರಿನವರ ಅರ್ಥದ ಪ್ರಕಾರ ಅದು ಹೋದ ತಿಂಗಳೇ ಮುಗಿದಿರಬಹುದು. ಈ ಎರಡನ್ನೂ ಒಟ್ಟಿಗೆ ಹೇಗೆ ನಿಭಾಯಿಸಬೇಕು ಅಂತ ಭಾರತದ ಕಾನೂನಿನ ಚೌಕಟ್ಟಿನಲ್ಲಿ ಹಂತ ಹಂತವಾಗಿ ನೋಡೋಣ.

ಹಂತ 1: ಕಾಗದ ಪತ್ರ ಒಟ್ಟು ಮಾಡಿ

ಸಹಿ ಮಾಡಿದ ಕರಾರು ಪತ್ರ ಒಂದೇ ಸಾಲದು. ಅದಕ್ಕೆ ಸೇರಿಸಿದ ಅನುಬಂಧ, ಕೊಟೇಶನ್, ಪರ್ಚೇಸ್ ಆರ್ಡರ್, ಆಮೇಲೆ ಮಾಡಿಕೊಂಡ ತಿದ್ದುಪಡಿ, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಇಮೇಲ್, ವಾಟ್ಸಾಪ್ ಮಾತುಕತೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಫೋನ್ ಬದಲಾಯಿಸುವ ಮುಂಚೆ ಚಾಟ್ ಬ್ಯಾಕಪ್ ಮಾಡಿಕೊಳ್ಳಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರ ಪ್ರಕಾರ ಸರ್ಟಿಫಿಕೇಟ್ ಬೇಕಾಗುತ್ತದೆ. ಬರೀ ಸ್ಕ್ರೀನ್‌ಶಾಟ್ ನಂಬಿಕೊಂಡು ಮೂಲ ಫೋನನ್ನು ಮಾರಬೇಡಿ.

ಕರಾರು ಬರಹದಲ್ಲಿದ್ದರೆ ಅದರ ಮಾತೇ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಇದೇ ಅಧಿನಿಯಮದ ಕಲಂ 94 ಮತ್ತು 95 ಇದನ್ನು ಹೇಳುತ್ತವೆ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇವು 91 ಮತ್ತು 92 ಆಗಿದ್ದವು. 'ಬಾಯಲ್ಲಿ ಬೇರೆ ಹೇಳಿದ್ದರು' ಅಂತ ಬರೆದದ್ದಕ್ಕೆ ವಿರುದ್ಧ ಹೇಳಲು ಹೋದರೆ ಕೋರ್ಟ್ ಸಾಮಾನ್ಯವಾಗಿ ಕೇಳುವುದಿಲ್ಲ. ಮೋಸ, ತಪ್ಪು ತಿಳಿವಳಿಕೆ, ಪತ್ರ ಏನೂ ಹೇಳದ ವಿಷಯದ ಬಗ್ಗೆ ಇದ್ದ ಪ್ರತ್ಯೇಕ ಮಾತು, ಇಂಥ ಕೆಲವು ವಿನಾಯಿತಿಗಳಿವೆ.

ಇಲ್ಲೇ ಇನ್ನೊಂದನ್ನು ನೋಡಿಬಿಡಿ: ಕರಾರಿಗೆ ಸರಿಯಾದ ಛಾಪಾ ಶುಲ್ಕ ಕಟ್ಟಿದೆಯಾ? ಕಟ್ಟದ ದಾಖಲೆಯನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಬಾಕಿ ಶುಲ್ಕ ಮತ್ತು ದಂಡ ಕಟ್ಟಿ ಸರಿಪಡಿಸಬಹುದು, ಆದರೆ ಅದಕ್ಕೂ ದಿನ ಹಿಡಿಯುತ್ತದೆ.

ಹಂತ 2: ಷರತ್ತನ್ನು ಕೋರ್ಟ್ ಓದುವ ಹಾಗೆ ಓದಿ

ನಿಮ್ಮ ಮನಸ್ಸಿನಲ್ಲಿ ಏನಿತ್ತು ಅನ್ನುವುದಕ್ಕಿಂತ, ಬರೆದ ಮಾತನ್ನು ಸಾಮಾನ್ಯ ತಿಳಿವಳಿಕೆಯ ಮನುಷ್ಯ ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಅನ್ನುವುದನ್ನು ಕೋರ್ಟ್ ನೋಡುತ್ತದೆ. ಮಾತು ಸ್ಪಷ್ಟವಾಗಿದ್ದರೆ ಅಲ್ಲಿಗೆ ಮುಗಿಯಿತು. 'ಇದು ನನಗೆ ಅನ್ಯಾಯ' ಅನ್ನುವುದು ಅರ್ಥ ಬದಲಾಯಿಸಲು ಸಾಕಾಗುವುದಿಲ್ಲ.

ಸ್ಪಷ್ಟವಿಲ್ಲದಿದ್ದರೆ ಇಡೀ ಕರಾರನ್ನು ಒಟ್ಟಿಗೆ ಓದುತ್ತಾರೆ. ಜಗಳ ಇರುವುದು 14ನೇ ಷರತ್ತಿನ ಬಗ್ಗೆ ಆದರೂ ಉತ್ತರ 2ನೇ ಷರತ್ತಿನ ವ್ಯಾಖ್ಯೆಯಲ್ಲಿ ಇರಬಹುದು. ಹಾಗಾಗಿ ವ್ಯಾಖ್ಯೆಗಳ ಭಾಗವನ್ನು ಮೊದಲು ಓದಿ. ಒಂದು ಓದಿನಿಂದ ಇನ್ನೊಂದು ಷರತ್ತು ಸುಮ್ನೆ ವ್ಯರ್ಥವಾಗುತ್ತದೆ ಅಂದರೆ ಆ ಓದು ನಿಲ್ಲುವುದು ಕಷ್ಟ. ನಿರ್ದಿಷ್ಟವಾಗಿ ಹೇಳಿದ ಮಾತಿಗೆ ಸಾಮಾನ್ಯ ಮಾತಿಗಿಂತ ಬೆಲೆ ಜಾಸ್ತಿ. ಅಚ್ಚಾದ ಫಾರಂನಲ್ಲಿ ಕೈಯಿಂದ ಬರೆದು ಇಬ್ಬರೂ ಸಹಿ ಹಾಕಿದ ಸಾಲಿದ್ದರೆ, ಅಚ್ಚಾದ ಸಾಲಿಗಿಂತ ಅದಕ್ಕೆ ತೂಕ ಹೆಚ್ಚು.

ಇಬ್ಬರೂ ಆ ಷರತ್ತನ್ನು ಇಷ್ಟು ದಿನ ಹೇಗೆ ಪಾಲಿಸಿಕೊಂಡು ಬಂದರು ಅನ್ನುವುದಕ್ಕೂ ಬೆಲೆ ಇದೆ. ಮಾತಿನಲ್ಲಿ ಗೊಂದಲ ಇದ್ದಾಗ ಆಮೇಲಿನ ನಡವಳಿಕೆಯನ್ನು ನೋಡಬಹುದು ಅಂತ ಸುಪ್ರೀಂ ಕೋರ್ಟ್ ಗೋಧ್ರಾ ಎಲೆಕ್ಟ್ರಿಸಿಟಿ ಕಂಪನಿ ಪ್ರಕರಣದಲ್ಲಿ ಹೇಳಿದೆ. ಮೂರು ವರ್ಷ ಪ್ರತಿ ಬಿಲ್ಲನ್ನೂ ತೆರಿಗೆ ಸೇರಿಸಿಯೇ ಪಾವತಿ ಮಾಡಿದವರು, ನಾಲ್ಕನೇ ವರ್ಷ 'ದರದಲ್ಲೇ ತೆರಿಗೆ ಸೇರಿತ್ತು' ಅಂದರೆ ಆ ಹಳೇ ಬಿಲ್ಲುಗಳೇ ನಿಮ್ಮ ಉತ್ತರ.

ಎರಡು ಮಾತು ಎಚ್ಚರಿಕೆಗೆ. 'ಗೊಂದಲ ಇದ್ದರೆ ಕರಾರು ಬರೆದವರ ವಿರುದ್ಧ ಅರ್ಥ ಮಾಡಬೇಕು' ಎನ್ನುವ ನಿಯಮವನ್ನು ಎಲ್ಲರೂ ಮೊದಲು ಹಿಡಿದುಕೊಳ್ಳುತ್ತಾರೆ. ಅದು ಕೊನೆಗೆ ಬಳಸುವ ಅಸ್ತ್ರ. ವಿಮೆ, ಬ್ಯಾಂಕಿನಂಥ ಸಿದ್ಧ ಫಾರಂಗಳಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಇಬ್ಬರೂ ಚೌಕಾಸಿ ಮಾಡಿ, ಲಾಯರ್‌ಗಳನ್ನು ಕೂರಿಸಿಕೊಂಡು ಬರೆದ ಕರಾರಿನಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಹಾಗೇ, ಕರಾರಿನಲ್ಲಿ ಇಲ್ಲದ ಮಾತನ್ನು ಸೇರಿಸಿ ಓದಿ ಅಂತ ಕೇಳುವುದೂ ಕಷ್ಟ. ಆ ಮಾತಿಲ್ಲದೆ ವ್ಯವಹಾರವೇ ನಡೆಯುವುದಿಲ್ಲ ಅನ್ನುವಂತಿರಬೇಕು. 2017ರ ನಾಭಾ ಪವರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪರೀಕ್ಷೆಗಳನ್ನು ವಿವರವಾಗಿ ಹೇಳಿದೆ.

ಈಗ ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ನಿಮ್ಮ ಅರ್ಥ, ಬಲಕ್ಕೆ ಎದುರಿನವರ ಅರ್ಥ. ಎದುರಿನವರದ್ದನ್ನು ಅವರಿಗಿಂತ ಚೆನ್ನಾಗಿ ಬರೆಯಿರಿ. ಕೆಳಗೆ ಒಂದು ಪ್ರಶ್ನೆ: ಈ ಅರ್ಥವೇ ಸರಿ ಅಂದರೆ ಕರಾರು ಯಾವ ತಾರೀಖಿಗೆ ಮುರಿಯಿತು?

ಹಂತ 3: ಗಡಿಯಾರ ಯಾವತ್ತು ಶುರುವಾಯಿತು ಅಂತ ಹುಡುಕಿ

ಇದಕ್ಕೆ ಆಧಾರ 1963ರ ಲಿಮಿಟೇಶನ್ ಆಕ್ಟ್, ಅಂದರೆ ಕಾಲಮಿತಿ ಕಾಯ್ದೆ. ಕರಾರಿನ ದಾವೆಗಳಿಗೆ ಸಾಮಾನ್ಯವಾಗಿ 3 ವರ್ಷ. 'ಮೂರು ವರ್ಷ' ಎಲ್ಲರಿಗೂ ಗೊತ್ತು. ಎಡವುವುದು 'ಯಾವತ್ತಿನಿಂದ' ಅನ್ನುವಲ್ಲಿ. ಅದನ್ನು ಕಾಯ್ದೆಯ ಅನುಸೂಚಿಯಲ್ಲಿರುವ ಆರ್ಟಿಕಲ್‌ಗಳು ಹೇಳುತ್ತವೆ.

ಕರಾರು ಮುರಿದದ್ದಕ್ಕೆ ಪರಿಹಾರ ಕೇಳುವುದಾದರೆ ಆರ್ಟಿಕಲ್ 55: ಕರಾರು ಮುರಿದ ದಿನದಿಂದ. ಪದೇ ಪದೇ ಮುರಿದಿದ್ದರೆ ಪ್ರತಿಯೊಂದಕ್ಕೂ ಅದರದೇ ಲೆಕ್ಕ. ಮುರಿಯುವುದು ಮುಂದುವರಿಯುತ್ತಲೇ ಇದ್ದರೆ ಅದು ನಿಂತ ದಿನದಿಂದ. ಮಾರಿದ ಸಾಮಾನಿನ ಹಣಕ್ಕೆ, ಉದ್ದರಿಯ ಅವಧಿ ನಿಗದಿಯಾಗಿಲ್ಲದಿದ್ದರೆ, ಸಾಮಾನು ಕೊಟ್ಟ ದಿನದಿಂದ (ಆರ್ಟಿಕಲ್ 14). ಅವಧಿ ನಿಗದಿಯಾಗಿದ್ದರೆ ಅದು ಮುಗಿದ ದಿನದಿಂದ (ಆರ್ಟಿಕಲ್ 15). ಮಾಡಿಕೊಟ್ಟ ಕೆಲಸದ ಹಣಕ್ಕೆ, ಪಾವತಿಯ ದಿನ ನಿಗದಿಯಾಗಿಲ್ಲದಿದ್ದರೆ, ಕೆಲಸ ಮುಗಿದ ದಿನದಿಂದ (ಆರ್ಟಿಕಲ್ 18). ಬಾಡಿಗೆ ಬಾಕಿಗೆ, ಪ್ರತಿ ತಿಂಗಳ ಬಾಡಿಗೆ ಕೊಡಬೇಕಾದ ದಿನದಿಂದ (ಆರ್ಟಿಕಲ್ 52). ವಿಮೆ ಹಣಕ್ಕೆ, ನಷ್ಟವಾದ ದಿನದಿಂದ ಅಥವಾ ಕಂಪನಿ ಕ್ಲೇಮ್ ನಿರಾಕರಿಸಿದ ದಿನದಿಂದ (ಆರ್ಟಿಕಲ್ 44). ಎಲ್ಲೂ ಹೊಂದದಿದ್ದರೆ ಆರ್ಟಿಕಲ್ 113, ದಾವೆ ಹಾಕುವ ಹಕ್ಕು ಹುಟ್ಟಿದ ದಿನದಿಂದ. ಇವೆಲ್ಲಕ್ಕೂ 3 ವರ್ಷವೇ.

ಅತಿ ಹೆಚ್ಚು ಜನ ಮುಗ್ಗರಿಸುವುದು ಕೈಸಾಲದಲ್ಲಿ. 'ಕೇಳಿದಾಗ ಕೊಡುತ್ತೇನೆ' ಅಂತ ಬರೆದುಕೊಟ್ಟ ಸಾಲಕ್ಕೆ ಕೇಳಿದ ದಿನದಿಂದ ಲೆಕ್ಕ ಅಂತ ನಂಬಿರುತ್ತಾರೆ. ಅದು ತಪ್ಪು. ಸಾಲ ಕೊಟ್ಟ ದಿನದಿಂದಲೇ ಲೆಕ್ಕ (ಆರ್ಟಿಕಲ್ 21). ಆನ್ ಡಿಮ್ಯಾಂಡ್ ಪ್ರೊನೋಟಿಗೂ ಅದರ ಮೇಲಿನ ತಾರೀಖಿನಿಂದಲೇ (ಆರ್ಟಿಕಲ್ 35). ಆದರೆ ಅದೇ ಹಣವನ್ನು ಕೇಳಿದಾಗ ವಾಪಸ್ ಕೊಡುವ ಠೇವಣಿಯಾಗಿ ಇಟ್ಟಿದ್ದರೆ ಕೇಳಿದ ದಿನದಿಂದ ಲೆಕ್ಕ (ಆರ್ಟಿಕಲ್ 22). ಅದು ಸಾಲವೋ ಠೇವಣಿಯೋ ಎನ್ನುವುದು ಪತ್ರದ ಮಾತನ್ನು ಹೇಗೆ ಓದುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಅರ್ಥದ ಜಗಳವೇ ಗಡುವಿನ ಜಗಳ ಅಂತ ನಾನು ಹೇಳುತ್ತಿರುವುದು ಇದಕ್ಕೇ.

ಜಾಗ, ಮನೆಯ ಕ್ರಯದ ಕರಾರಿನಲ್ಲಂತೂ ಇದು ಇನ್ನೂ ಗಂಭೀರ. ನೋಂದಣಿ ಮಾಡಿಕೊಡಿ ಅಂತ ಹಾಕುವ ದಾವೆಗೆ ಆರ್ಟಿಕಲ್ 54 ಇದೆ. ಕರಾರಿನಲ್ಲಿ ದಿನ ನಿಗದಿಯಾಗಿದ್ದರೆ ಆ ದಿನದಿಂದ 3 ವರ್ಷ. ಆಗಿಲ್ಲದಿದ್ದರೆ, ಎದುರಿನವರು ಮಾಡಿಕೊಡುವುದಿಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ 3 ವರ್ಷ. 'ಮೂರು ತಿಂಗಳೊಳಗೆ ಕ್ರಯಪತ್ರ' ಅಂತಿದ್ದರೆ ದಿನ ನಿಗದಿಯಾಗಿದೆ. 'ಖಾತೆ ಆದ ಮೇಲೆ ಕ್ರಯಪತ್ರ' ಅಂತಿದ್ದರೆ? ನಿಗದಿಯಾಗಿಲ್ಲ ಅಂತ ನೀವು ವಾದಿಸಬಹುದು. ಎರಡೂ ಒಂದೇ ಕರಾರಿನಲ್ಲಿ ಇದ್ದರೆ? 'ಮೂರು ತಿಂಗಳೊಳಗೆ ಖಾತೆ ಮಾಡಿಸಿ ಕ್ರಯಪತ್ರ ಮಾಡಿಕೊಡತಕ್ಕದ್ದು' ಎನ್ನುವಂಥ ಸಾಲು ಇರುವ ಕರಾರುಗಳು ಬೇಕಾದಷ್ಟಿವೆ. ಅಲ್ಲಿ ಆ ಮೂರು ತಿಂಗಳನ್ನೇ ಹಿಡಿದು ಲೆಕ್ಕ ಹಾಕಿ. ಮಾಲೀಕರು 'ಖಾತೆ ಆಗ್ತಾ ಇದೆ, ಸ್ವಲ್ಪ ತಡೀರಿ' ಅಂದರೆ, ಅವಧಿ ಮುಂದಕ್ಕೆ ಹಾಕಿದ ಪತ್ರಕ್ಕೆ ಸಹಿ ಮಾಡಿಸಿಕೊಳ್ಳಿ. ಬಾಯಿ ಮಾತಿಗೆ ಕಾಯಬೇಡಿ.

ಹಂತ 4: ಎಲ್ಲಕ್ಕಿಂತ ಮೊದಲು ಬರುವ ದಿನವನ್ನೇ ಗಡುವು ಮಾಡಿಕೊಳ್ಳಿ

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಒಬ್ಬ ಗುತ್ತಿಗೆದಾರರು ಕಚೇರಿಯೊಂದರ ಒಳಾಂಗಣ ಕೆಲಸ ಮಾಡಿಕೊಟ್ಟರು ಅಂದುಕೊಳ್ಳಿ. ಕೆಲಸ ಮುಗಿದದ್ದು 2023ರ ಜೂನ್ 10. ಕರಾರಿನ ಸಾಲು ಹೀಗಿದೆ: 'ಕೆಲಸ ತೃಪ್ತಿಕರವಾಗಿದೆ ಎಂದು ಮಾಲೀಕರು ಪತ್ರ ಕೊಟ್ಟ 30 ದಿನದೊಳಗೆ ಬಾಕಿ ಹಣ ಕೊಡತಕ್ಕದ್ದು.' ಮಾಲೀಕರು ಆ ಪತ್ರವನ್ನೇ ಕೊಡಲಿಲ್ಲ. 2024ರ ಮಾರ್ಚ್ 18ರಂದು 'ಹಣ ಕೊಡುವುದಿಲ್ಲ' ಅಂತ ಇಮೇಲ್ ಕಳಿಸಿದರು.

ಗುತ್ತಿಗೆದಾರರ ಓದು: ಪತ್ರ ಸಿಗುವವರೆಗೆ ಹಣ ಕೊಡುವ ದಿನವೇ ಬಂದಿರಲಿಲ್ಲ, ನಿರಾಕರಿಸಿದ ದಿನ ಕರಾರು ಮುರಿಯಿತು. ಹಾಗಾದರೆ ಕೊನೇ ದಿನ 2027ರ ಮಾರ್ಚ್ 18. ಮಾಲೀಕರ ಲಾಯರ್ ಓದು: ಪತ್ರದ ಮಾತು ಬರೀ ಲೆಕ್ಕಪತ್ರದ ಅನುಕೂಲಕ್ಕೆ ಇತ್ತು, ಪಾವತಿಗೆ ದಿನ ನಿಗದಿಯಾಗಿರಲೇ ಇಲ್ಲ, ಆದ್ದರಿಂದ ಆರ್ಟಿಕಲ್ 18 ಪ್ರಕಾರ ಕೆಲಸ ಮುಗಿದ ದಿನದಿಂದ ಲೆಕ್ಕ. ಆಗ ಕೊನೇ ದಿನ 2026ರ ಜೂನ್ 10. ಶುರುವಾದ ದಿನವನ್ನು ಲೆಕ್ಕದಿಂದ ಬಿಡಬೇಕು ಅಂತ ಕಾಲಮಿತಿ ಕಾಯ್ದೆಯ ಕಲಂ 12 ಹೇಳುತ್ತದೆ, ಅದಕ್ಕೇ 9 ಅಲ್ಲ, 10.

ನನಗೆ ಗುತ್ತಿಗೆದಾರರ ಓದೇ ಬಲವಾಗಿ ಕಾಣುತ್ತದೆ. ಆದರೂ ಅವರು ದಾವೆ ಹಾಕಬೇಕಾದದ್ದು 2026ರ ಜೂನ್ 10ರ ಒಳಗೆ. ಬೇಗ ಹಾಕಿದರೆ ಅವರ ವಾದಕ್ಕೆ ಏನೂ ನಷ್ಟವಿಲ್ಲ. ತಡವಾಗಿ ಹಾಕಿದರೆ, ಕೆಲಸ ಮಾಡಿದ್ದು ನಿಜ, ಹಣ ಬಾರದ್ದು ನಿಜ, ಆದರೂ ಕೇಸು ಬಾಗಿಲಲ್ಲೇ ಬಿದ್ದುಹೋಗುವ ಭಯ ಇರುತ್ತದೆ. ಎದುರಿನವರು ಎತ್ತದಿದ್ದರೂ ಗಡುವು ಮೀರಿದ ದಾವೆಯನ್ನು ಕೋರ್ಟ್ ವಜಾ ಮಾಡಲೇಬೇಕು ಅಂತ ಕಲಂ 3 ಹೇಳುತ್ತದೆ. ತಡವಾದದ್ದಕ್ಕೆ ಕಾರಣ ಕೊಟ್ಟು ಕ್ಷಮೆ ಕೇಳುವ ಕಲಂ 5 ಮೇಲ್ಮನವಿ ಮತ್ತು ಅರ್ಜಿಗಳಿಗೆ ಮಾತ್ರ. ಮೂಲ ದಾವೆಗೆ ಅದು ಸಿಗುವುದಿಲ್ಲ. ಆಸ್ಪತ್ರೆಯಲ್ಲಿದ್ದೆ, ಊರಲ್ಲಿ ಇರಲಿಲ್ಲ ಅನ್ನುವ ಕಾರಣಗಳು ಎಷ್ಟೇ ನಿಜ ಇದ್ದರೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಹಂತ 5: ಯಾವುದು ಗಡುವನ್ನು ಮುಂದಕ್ಕೆ ಹಾಕುತ್ತದೆ, ಯಾವುದು ಇಲ್ಲ

ಮಾತುಕತೆ ಮುಂದಕ್ಕೆ ಹಾಕುವುದಿಲ್ಲ. ಜ್ಞಾಪನ ಪತ್ರ ಹಾಕುವುದಿಲ್ಲ. ಲಾಯರ್ ನೋಟಿಸ್ ಕೂಡ ಹಾಕುವುದಿಲ್ಲ. ಪದೇ ಪದೇ ಪತ್ರ ಬರೆದ ಮಾತ್ರಕ್ಕೆ ಸಮಯ ಬೆಳೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಒಮ್ಮೆ ಶುರುವಾದ ಗಡಿಯಾರ ನಿಲ್ಲುವುದಿಲ್ಲ ಎನ್ನುವುದು ಕಲಂ 9.

ನಿಜವಾಗಿ ಸಹಾಯಕ್ಕೆ ಬರುವುದು ಕಲಂ 18. ಗಡುವು ಮುಗಿಯುವ ಮುಂಚೆ ಎದುರಿನವರು ಬಾಕಿಯನ್ನು ಬರಹದಲ್ಲಿ ಒಪ್ಪಿಕೊಂಡು ಸಹಿ ಹಾಕಿದರೆ, ಸಹಿಯ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. 'ಕೊಡುತ್ತೇನೆ' ಅಂತ ಮಾತು ಕೊಡಬೇಕಾಗಿಲ್ಲ. 'ಬಾಕಿ ಇರುವುದು ನಿಜ, ಆದರೆ ಈಗ ಕೊಡುವುದಿಲ್ಲ' ಅಂದರೂ ಅದು ಒಪ್ಪಿಗೆಯೇ. ಬೇರೆಯವರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡಿದ್ದರೂ ಆದೀತು. ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಸಾಲ ತೋರಿಸಿದ್ದರೆ ಅದೂ ಒಪ್ಪಿಗೆಯಾಗಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಮೇಲ್ ಒಪ್ಪಿಗೆಯನ್ನು ಕರ್ನಾಟಕ ಹೈಕೋರ್ಟ್ 2013ರಲ್ಲಿ ಮಾನ್ಯ ಮಾಡಿದೆ. ಮೇಲಿನ ಉದಾಹರಣೆಯ ಮಾಲೀಕರು 2024ರ ಅಕ್ಟೋಬರ್ 5ರಂದು 'ನಾಲ್ಕು ಲಕ್ಷ ಬಾಕಿ ಇದೆ, ದೋಷ ಸರಿಮಾಡುವವರೆಗೆ ಕೊಡುವುದಿಲ್ಲ' ಅಂತ ಸಹಿ ಮಾಡಿ ಬರೆದಿದ್ದರೆ, ಗಡುವು 2027ರ ಅಕ್ಟೋಬರ್ 5ಕ್ಕೆ ಹೋಗುತ್ತದೆ. ಹಾಗಾಗಿ ಪ್ರತಿ ವರ್ಷ ಬಾಕಿ ಖಾತ್ರಿ ಪತ್ರಕ್ಕೆ ಸಹಿ ತೆಗೆದುಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ.

ಸಾಲದಲ್ಲಿ ಸ್ವಲ್ಪ ಹಣ ವಾಪಸ್ ಬಂದರೂ ಪಾವತಿಯ ದಿನದಿಂದ ಹೊಸ ಅವಧಿ ಸಿಗುತ್ತದೆ (ಕಲಂ 19). ಆದರೆ ಪಾವತಿಯ ಬಗ್ಗೆ ಕೊಟ್ಟವರ ಕೈಬರಹ ಅಥವಾ ಸಹಿ ಇರಬೇಕು. ಮೋಸದಿಂದ ವಿಷಯ ಮುಚ್ಚಿಟ್ಟಿದ್ದರೆ ಅದು ಗೊತ್ತಾದ ದಿನದಿಂದ, ಅಥವಾ ಸರಿಯಾಗಿ ವಿಚಾರಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ ಲೆಕ್ಕ (ಕಲಂ 17). ಪ್ರಾಮಾಣಿಕವಾಗಿ, ಆದರೆ ಅಧಿಕಾರವಿಲ್ಲದ ಕೋರ್ಟಿನಲ್ಲಿ ಕೇಸು ನಡೆಸಿ ಕಳೆದ ಸಮಯವನ್ನು ಬಿಡಬಹುದು (ಕಲಂ 14). ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಕೊಡಲೇಬೇಕಾದ ಎರಡು ತಿಂಗಳ ನೋಟಿಸ್ ಅವಧಿಯನ್ನೂ ಬಿಡುತ್ತಾರೆ. ಹಳೇ ವ್ಯವಹಾರವಾದರೆ ಕೋವಿಡ್ ಅವಧಿ ಮರೆಯಬೇಡಿ: 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಸಮಯವನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ತೆಗೆದಿದೆ.

ಹಂತ 6: ಕರಾರಿನೊಳಗೇ ಇರುವ ಗಡುವುಗಳು

'ಆರು ತಿಂಗಳೊಳಗೆ ಕೋರ್ಟಿಗೆ ಹೋಗದಿದ್ದರೆ ಹಕ್ಕು ಇರುವುದಿಲ್ಲ' ಅಂತ ಕರಾರಿನಲ್ಲೇ ಬರೆದಿದ್ದರೆ ಹೆದರಬೇಡಿ. 1872ರ ಕರಾರು ಕಾಯ್ದೆಯ ಕಲಂ 28ಕ್ಕೆ 1997ರಲ್ಲಿ ತಿದ್ದುಪಡಿ ಆದ ಮೇಲೆ, ಕಾನೂನು ಕೊಟ್ಟ ಸಮಯವನ್ನು ಕಡಿಮೆ ಮಾಡುವ ಅಥವಾ ಅವಧಿ ಮುಗಿದ ಮೇಲೆ ಹಕ್ಕನ್ನೇ ಅಳಿಸುವ ಷರತ್ತು ಅಷ್ಟರ ಮಟ್ಟಿಗೆ ಅನೂರ್ಜಿತ. ಬ್ಯಾಂಕ್ ಗ್ಯಾರಂಟಿಗೆ ಮಾತ್ರ ಬೇರೆ ನಿಯಮವಿದೆ, ಅಲ್ಲಿ ಒಂದು ವರ್ಷಕ್ಕೆ ಕಡಿಮೆಯಿಲ್ಲದ ಅವಧಿ ಇಡಬಹುದು. ಆದರೆ 'ದೋಷ ಕಂಡ 15 ದಿನದೊಳಗೆ ಬರಹದಲ್ಲಿ ತಿಳಿಸಬೇಕು' ಎನ್ನುವ ಷರತ್ತು ಇದೇ ಜಾತಿಯದಲ್ಲ. ಅದನ್ನು ಚಾಚೂ ತಪ್ಪದೆ ಪಾಲಿಸಿ.

ಹಂತ 7: ಎಲ್ಲಿಗೆ ಹೋಗಬೇಕು ಅಂತ ಬೇಗ ತೀರ್ಮಾನಿಸಿ

ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ನಿಮಗಿರುವುದು 2 ವರ್ಷ ಮಾತ್ರ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಆಯೋಗ ಒಪ್ಪಬಹುದು. ಕರಾರಿನಲ್ಲಿ ಆರ್ಬಿಟ್ರೇಷನ್ (ಕೋರ್ಟಿನ ಬದಲು ಮಧ್ಯಸ್ಥರು ತೀರ್ಪು ಕೊಡುವ ವ್ಯವಸ್ಥೆ) ಷರತ್ತು ಇದ್ದರೆ ಕಾಲಮಿತಿ ಕಾಯ್ದೆ ಅಲ್ಲಿಗೂ ಅನ್ವಯಿಸುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ವ್ಯಾಜ್ಯವನ್ನು ಆರ್ಬಿಟ್ರೇಷನ್‌ಗೆ ಒಪ್ಪಿಸೋಣ ಎನ್ನುವ ನಿಮ್ಮ ನೋಟಿಸ್ ಎದುರಿನವರ ಕೈಸೇರಿದ ದಿನವೇ ಪ್ರಕ್ರಿಯೆ ಶುರುವಾದ ದಿನ. ಕಳಿಸಿದ ದಿನ ಲೆಕ್ಕಕ್ಕಿಲ್ಲ. ಹಾಗಾಗಿ ಕೊನೇ ವಾರದಲ್ಲಿ ಅಂಚೆಗೆ ಹಾಕಬೇಡಿ, ತಲುಪಿದ ದಾಖಲೆ ಇಟ್ಟುಕೊಳ್ಳಿ.

ವ್ಯಾಪಾರದ ವ್ಯಾಜ್ಯವಾಗಿದ್ದು ಮೊತ್ತ 3 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಾಣಿಜ್ಯ ನ್ಯಾಯಾಲಯ. ತುರ್ತು ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮುಂಚೆ ಮೀಡಿಯೇಷನ್ (ಮಧ್ಯವರ್ತಿಯ ಮುಂದೆ ರಾಜಿ ಮಾತುಕತೆ) ಕಡ್ಡಾಯ, ಅದಿಲ್ಲದ ದಾವೆ ತಿರಸ್ಕಾರವಾಗುತ್ತದೆ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಮೀಡಿಯೇಷನ್‌ನಲ್ಲಿ ಕಳೆದ ಸಮಯ ಗಡುವಿನಲ್ಲಿ ಸೇರುವುದಿಲ್ಲ.

ಹಂತ 8: ದಾವೆ ಬರೆಯುವಾಗ

ಗಡುವು ಮೇಲ್ನೋಟಕ್ಕೆ ಮೀರಿದಂತೆ ಕಂಡರೆ, ಯಾವ ಒಪ್ಪಿಗೆ ಪತ್ರ ಅಥವಾ ಯಾವ ಕಲಮಿನಿಂದ ಉಳಿದಿದೆ ಅಂತ ವಾದಪತ್ರದಲ್ಲೇ ಹೇಳಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 7 ರೂಲ್ 6 ಅದನ್ನು ಕೇಳುತ್ತದೆ. ಇಲ್ಲದಿದ್ದರೆ ಆರ್ಡರ್ 7 ರೂಲ್ 11ರ ಅಡಿ ವಾದಪತ್ರವೇ ತಿರಸ್ಕಾರವಾಗುವ ಅಪಾಯ ಇದೆ. ಕರಾರಿನ ಅರ್ಥದ ಬಗ್ಗೆ ಎರಡು ಓದು ಇದ್ದರೆ, ಮುಖ್ಯ ವಾದ ಒಂದು, ಪರ್ಯಾಯ ವಾದ ಇನ್ನೊಂದು ಅಂತ ಎರಡನ್ನೂ ಬರೆಸಿ. ಒಂದೇ ಕಾರಣದಿಂದ ಹುಟ್ಟಿದ ಎಲ್ಲ ಬೇಡಿಕೆಯನ್ನೂ ಒಂದೇ ದಾವೆಯಲ್ಲಿ ಕೇಳಿ. ಬಿಟ್ಟದ್ದನ್ನು ಆಮೇಲೆ ಕೇಳಲು ಆರ್ಡರ್ 2 ರೂಲ್ 2 ಬಿಡುವುದಿಲ್ಲ.

ಕೊನೇ ದಿನ ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನ ಹಾಕಬಹುದು (ಕಾಲಮಿತಿ ಕಾಯ್ದೆ ಕಲಂ 4). ಆದರೂ ನ್ಯಾಯಾಲಯ ಶುಲ್ಕ, ಪ್ರತಿಗಳು, ಕಚೇರಿಯ ಆಕ್ಷೇಪಣೆ ಇವಕ್ಕೆಲ್ಲ ಸಮಯ ಬೇಕಲ್ವಾ? ಗಡುವಿಗೆ ಕನಿಷ್ಠ ಮೂರು ತಿಂಗಳು ಮುಂಚೆ ಲಾಯರ್ ಕೈಗೆ ಕಾಗದ ಕೊಡಿ.

ಗಡುವು ಮುಗಿದೇ ಹೋಗಿದ್ದರೆ

ಸಾಮಾನ್ಯ ಬಾಕಿಯ ವಿಷಯದಲ್ಲಿ ಕೋರ್ಟಿಗೆ ಹೋಗುವ ದಾರಿ ಮುಚ್ಚಿದರೂ ಸಾಲ ಅಳಿಸಿಹೋಗುವುದಿಲ್ಲ. ಎದುರಿನವರು ತಾವಾಗಿ ಕೊಟ್ಟರೆ ತೆಗೆದುಕೊಳ್ಳಬಹುದು, ಅದನ್ನು ವಾಪಸ್ ಕೇಳಲು ಬರುವುದಿಲ್ಲ. ಯಾವ ಬಾಕಿಗೆ ಅಂತ ಹೇಳದೆ ಅವರು ಹಣ ಕಟ್ಟಿದರೆ ಹಳೇ ಬಾಕಿಗೂ ಜಮಾ ಮಾಡಿಕೊಳ್ಳಬಹುದು (ಕರಾರು ಕಾಯ್ದೆ ಕಲಂ 60). ಮುಖ್ಯವಾದ ದಾರಿ ಅದೇ ಕಾಯ್ದೆಯ ಕಲಂ 25(3): ಗಡುವು ಮೀರಿದ ಸಾಲವನ್ನು ಕೊಡುತ್ತೇನೆ ಅಂತ ಬರಹದಲ್ಲಿ ಸಹಿ ಮಾಡಿ ಮಾತು ಕೊಟ್ಟರೆ ಅದು ಹೊಸ ಕರಾರು, ಅದರ ಮೇಲೆ ದಾವೆ ಹಾಕಬಹುದು. ಇಲ್ಲಿ ಬಾಕಿ ಇದೆ ಅಂತ ಒಪ್ಪಿಕೊಂಡರೆ ಸಾಲದು, 'ಕೊಡುತ್ತೇನೆ' ಎನ್ನುವ ಮಾತು ಇರಲೇಬೇಕು.

ನೀವು ಹಣ ಕೊಡಬೇಕಾದ ಕಡೆಯವರಾಗಿದ್ದರೆ ಇದೇ ವಿಷಯ ತಿರುಗಿ ಅನ್ವಯಿಸುತ್ತದೆ. ಬಾಕಿಯ ಮೊತ್ತ ನಿಜಕ್ಕೂ ಒಪ್ಪಿಗೆ ಇಲ್ಲದಿದ್ದರೆ ಬಾಕಿ ಖಾತ್ರಿ ಪತ್ರಕ್ಕೆ ಸುಮ್ನೆ ಸಹಿ ಹಾಕಬೇಡಿ. ಉತ್ತರ ಬರೆಯುವಾಗ ಯಾವ ಮೊತ್ತ ಒಪ್ಪುತ್ತೀರಿ, ಯಾವುದು ಒಪ್ಪುವುದಿಲ್ಲ ಅಂತ ಬೇರೆ ಬೇರೆಯಾಗಿ ಬರೆಯಿರಿ. ಸಮನ್ಸ್ ಬಂದರೆ ಸಾಮಾನ್ಯ ದಾವೆಯಲ್ಲಿ 30 ದಿನದೊಳಗೆ ಪ್ರತಿವಾದ ಪತ್ರ ಹಾಕಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಸಿಗಬಹುದು. ವಾಣಿಜ್ಯ ದಾವೆಯಲ್ಲಿ 120 ದಿನ ದಾಟಿದರೆ ಆ ಹಕ್ಕೇ ಹೋಗುತ್ತದೆ. ಕರಾರಿನಲ್ಲಿ ಆರ್ಬಿಟ್ರೇಷನ್ ಷರತ್ತು ಇದ್ದು ಅಲ್ಲಿಗೇ ಹೋಗಬೇಕು ಅಂತಿದ್ದರೆ, ಆ ಅರ್ಜಿಯನ್ನು ಮೊದಲ ಹೇಳಿಕೆ ಸಲ್ಲಿಸುವ ಹೊತ್ತಿಗೇ ಹಾಕಿ.